ಖಾಲಿ ಊರಿನ ಹೊಲಿಗೆ ಮಿಷನ್

ಮಡಕಶಿರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಪಾವಗಡ, ಕಲ್ಯಾಣದುರ್ಗಗಳಲ್ಲಿ ಬಸ್ಸು ಬದಲಿಸಿ ರಾಯದುರ್ಗ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಕಣೇಕಲ್ಲು ದಾರಿಯ ಆಟೊ ಹತ್ತಿದೆ. ಆ ದಾರಿಯ ಒಂದು ಸಣ್ಣ ಊರಿನಲ್ಲಿ ನನ್ನ ದೊಡ್ಡಮ್ಮ ಇದ್ದಾಳೆ. ಹಿತ್ತಿಲ ಕೋಣೆಯನ್ನು ಜೀನ್ಸ್ ಹೊಲಿಯುವ ಬಿಹಾರದ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದಾಳೆ.

ನಾನು ಕಾಲೇಜಿನಲ್ಲಿ ಚರಿತ್ರೆ ಹೇಳುವವಳು. ಹಿಂದಿನ ದಿನವಷ್ಟೇ ಅಮೆರಿಕದ ಪಾಠ ಮಾಡಿದ್ದೆ. ಹಡಗಿನಿಂದ ಇಳಿದ ಬಡವರು ಗಾಳಿಯಿಲ್ಲದ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕಿ ಬಟ್ಟೆ ಹೊಲಿದದ್ದು, ಊರಿಗೆ ರೋಗ ಬಂದರೆ ಇವರೇ ತಂದರೆಂದು ಜನ ಮೇಲೆ ಬಿದ್ದದ್ದು. "ಅಷ್ಟು ದೊಡ್ಡ ದೇಶದಾಗೆ ಇಂಥ ಬುದ್ಧೀನಾ ಮೇಡಂ?" ಅಂತ ಹುಡುಗಿಯರು ನಕ್ಕಿದ್ದರು.

ಊರ ಮುಂದೆ ಆಟೊ ನಿಂತಿತು. ದಾರಿಗೆ ಜಾಲಿಮುಳ್ಳು ಅಡ್ಡ ಹಾಕಿತ್ತು.

"ಇವತ್ತು ಹೊರಬೀಡು ರೀ," ಅಂದ ಆಟೊದವ. "ಊರಾಗ ಜ್ವರ ಬಾಳ ಆಗೇತಿ. ಅದಕ್ಕ ಎಲ್ಲಾರು ಊರು ಬಿಟ್ಟು ತೋಪಿನ್ಯಾಗ ಅಡಿಗಿ ಮಾಡಾಕತ್ತಾರ. ಹೊತ್ತು ಮುಳುಗೋತನಕ ಒಳಗ ಒಂದು ನರಪಿಳ್ಳಿ ಇರಬಾರದು. ಸಿಕ್ಕವರ ಮೈಯಾಗ ಪೀಡಿ ಸೇರೇತಿ ಅಂತ ಬಡದು ಓಡಸ್ತಾರ್ರಿ."

ಅಷ್ಟರಲ್ಲಿ ಊರೊಳಗಿಂದ ಸದ್ದು ಬಂತು. ಟಕಟಕ ಟಕಟಕ. ಹೊಲಿಗೆ ಮಿಷನ್ನಿನದು.

"ಖಾಲಿ ಊರಾಗ ಮಿಷನ್ ಯಾರು ತುಳೀತಾರ್ರಿ?" ಅಂದವನೇ, ಬಾಡಿಗೆಯನ್ನೂ ಕೇಳದೆ ಆಟೊ ತಿರುಗಿಸಿಕೊಂಡು ಹೋದ.

ಸದ್ದು ದೊಡ್ಡಮ್ಮನ ಮನೆ ಕಡೆಯದು. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಮುಳ್ಳು ಸರಿಸಿ ಒಳಗೆ ಹೋದೆ. ಬಾಗಿಲುಗಳಿಗೆಲ್ಲ ಬೀಗ. ಒಂದು ಕೋಳಿ ಇಲ್ಲ, ನಾಯಿ ಇಲ್ಲ. ನಾನು ನಡೆದರೆ ಮಿಷನ್ ನಿಲ್ಲುತ್ತಿತ್ತು, ನಿಂತರೆ ಮತ್ತೆ ಶುರುವಾಗುತ್ತಿತ್ತು.

ಹಿತ್ತಿಲ ಬಾಗಿಲಿಗೂ ಹೊರಗಿನಿಂದ ಬೀಗ. ದೊಡ್ಡಮ್ಮ ಕೀಲಿ ಇಡುವ ಗೂಡು ನನಗೆ ಗೊತ್ತಿತ್ತು. ತೆಗೆದರೆ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆಯ ಹೆಂಗಸು ಸುನೀತಾ ಮಿಷನ್ ತುಳಿಯುತ್ತಿದ್ದಾಳೆ. ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ. ಗಂಡ ಹೊಲಿದ ಪ್ಯಾಂಟು ಕೊಡಲು ಬಳ್ಳಾರಿಗೆ ಹೋಗಿದ್ದನಂತೆ.

"ಎದ್ದೆ, ಯಾರೂ ಇಲ್ಲ. ಕೂಗಿದೆ, ಯಾರೂ ಇಲ್ಲ," ಅಂದಳು ಕಲಿತಷ್ಟು ಕನ್ನಡದಲ್ಲಿ. "ಎಲ್ಲ ಸತ್ತರಾ ಅಕ್ಕಾ? ಸದ್ದು ಬೇಕು ಅಂತ ತುಳಿದೆ. ಹೆಜ್ಜೆ ಕೇಳಿತು, ಹೆದರಿ ನಿಲ್ಲಿಸಿದೆ."

ಅವಳ ಕೈಹಿಡಿದು ಹಿಂದಿನ ಹೊಲದ ದಾರಿಯಿಂದ ತೋಪಿಗೆ ಕರೆತಂದೆ. ನಮ್ಮನ್ನು ಕಂಡದ್ದೇ ತಾಯಂದಿರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಊರ ಹಿರಿಯ ಎದ್ದು ನಿಂತ. "ಈಕಿ ಒಳಗ ಇದ್ಲೇನು?"

"ಇಲ್ರಿ ಯಪ್ಪಾ!" ದೊಡ್ಡಮ್ಮ ಓಡಿಬಂದಳು. "ನಮ್ಮ ಹುಡುಗಿ ಜೋಡಿ ಈಗ ಆಟೊ ಇಳದಾಳ." ಆಮೇಲೆ ನನ್ನ ಕಿವಿಯಲ್ಲಿ, "ಬೀಗ ಹಾಕೋವಾಗ ಇವರು ನೆನಪಿಗೇ ಬರಲಿಲ್ಲವ್ವಾ," ಅಂದಳು. ದನ, ಕುರಿ, ಬೆಕ್ಕಿನ ಮರಿ ಎಲ್ಲ ನೆನಪಿಟ್ಟು ಹೊಡೆದುಕೊಂಡು ಬಂದಿದ್ದಳು.

ಹಿರಿಯ ಕೂತುಕೊಳ್ಳಲಿಲ್ಲ. "ಹಂಗಾರ ಮುಂಜಾನಿಂದ ಮಿಷನ್ ತುಳದವರು ಯಾರು?"

ತೋಪಿನಲ್ಲಿ ಎಲ್ಲರೂ ಆ ಸದ್ದು ಕೇಳಿದ್ದರು.

ಹೊತ್ತು ಮುಳುಗಿದ ಮೇಲೆ ಗಂಡಸರು ಪಂಜು ಹಿಡಿದು ಮೊದಲು ಒಳಗೆ ಹೋದರು. ಪೀಡೆ ಮಿಷನ್ನಿಗೇ ಸೇರಿದೆ ಅಂತ ಅದಕ್ಕೆ ಬೇವಿನ ಸೊಪ್ಪು ಸುತ್ತಿ, ಬರಿಗೈ ಸೋಕಿಸದೆ ಹಗ್ಗದಲ್ಲಿ ಎಳೆತಂದು ಊರ ಗಡಿಯಾಚೆ ಕಲ್ಲು ಎತ್ತಿಹಾಕಿ ಒಡೆದರು. ಗಂಡ ಹೆಂಡತಿಯ ಅನ್ನ ಅದು. ನಾನು ಬಾಯಿ ತೆರೆದೆ. ಸುನೀತಾ ನನ್ನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಳು. ತುಳಿದದ್ದು ನಾನೇ ಎಂದು ಅವಳು ಹೇಳುವಂತಿರಲಿಲ್ಲ, ಅಳುವಂತೆಯೂ ಇರಲಿಲ್ಲ. ಊರವರ ಜೊತೆ ನಿಂತು ಸುಮ್ಮನೆ ನೋಡಿದಳು.

ಮರುದಿನ ಬೆಳಿಗ್ಗೆ ರಾಯದುರ್ಗಕ್ಕೆ ಆಟೊ ಹತ್ತಿ ಒಮ್ಮೆ ತಿರುಗಿ ನೋಡಿದೆ. ಸರಿಸಿಟ್ಟ ಮುಳ್ಳಿನ ಪಕ್ಕ ಕೂಸನ್ನು ಎತ್ತಿಕೊಂಡು ಸುನೀತಾ ಕಲ್ಲಿನ ಮೇಲೆ ಕೂತಿದ್ದಳು, ಗಂಡನ ದಾರಿ ಕಾಯುತ್ತಾ. ಅವಳ ಕಾಲುಗಳು ಮಣ್ಣಿನ ಮೇಲೆ ಒಂದೇ ಸಮನೆ ತುಳಿಯುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ.