ಮೇಡಂ ತಡೆದಿಟ್ಟ ಚಿಂಚೋಳಿ

ಮೇಡಂ ಕಿವಿಯ ಹಿಂದೆ ಸದಾ ಒಂದು ಸಣ್ಣ ಪೇಂಟ್ ಬ್ರಷ್ ಸಿಕ್ಕಿಸಿಕೊಂಡಿರುತ್ತಿದ್ದರು. ಅವರಿದ್ದ ವಾಡಿ ಸಿಮೆಂಟ್ ಕಾರ್ಖಾನೆಯ ಊರು, ಕಿಟಕಿ ಮುಚ್ಚಿದರೂ ಧೂಳು ಒಳಗೆ ಬರುತ್ತದೆ. ಮಾತಾಡುತ್ತಲೇ ಬ್ರಷ್ ತೆಗೆದು ಲ್ಯಾಪ್‌ಟಾಪಿನ ಕೀಲಿಗಳನ್ನು ಗುಡಿಸುತ್ತಿದ್ದರು. ಒಮ್ಮೆ ಅದನ್ನು ಸಿಕ್ಕಿಸಿಕೊಂಡೇ ಮದುವೆಗೆ ಹೋಗಿದ್ದರು. ನಾನು ತೋರಿಸಿದರೆ, "ಇರ್ಲಿ ಬಿಡೋ, ಇಲ್ಲೂ ಧೂಳದ" ಅಂದರು.

ಶಾಲೆಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ತಾವೇ ಒಂದು ತಂತ್ರಾಂಶ ಬರೆದು, ಯಾರು ಬೇಕಾದರೂ ಅದರ ಹೊಟ್ಟೆಯೊಳಗೆ ಕೈಹಾಕಿ ತಿದ್ದಲಿ ಎಂದು ಇಂಟರ್ನೆಟ್ಟಿಗೆ ಪುಕ್ಕಟೆ ಬಿಟ್ಟರು. ಯಾವ್ಯಾವುದೋ ದೇಶದವರು ಕೈಜೋಡಿಸಿದರು. ಚಿತ್ತಾಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನಾನೂ ಸೇರಿಕೊಂಡೆ. ಪ್ರತಿ ಹೊಸ ಆವೃತ್ತಿಗೂ ನಮ್ಮ ಕಡೆಯ ಊರಿನ ಹೆಸರು: ಶಹಾಬಾದ್, ವಾಡಿ, ಸೇಡಂ. ಮುಂದಿನದು ಚಿಂಚೋಳಿ. "ಅಲ್ಲಿಗೆ ರೈಲಂತೂ ಹೋಗಂಗಿಲ್ಲ, ಇದಾದ್ರೂ ಹೋಗ್ಲಿ" ಎನ್ನುತ್ತಿದ್ದರು.

ಆ ಬಳಗದಲ್ಲಿ ಮೇಡಂಗೆ ಒಬ್ಬನ ಮೇಲೆ ಪ್ರೀತಿ ಹೆಚ್ಚು. ದೂರದೇಶದವನು, ಕನ್ನಡದ ಒಂದಕ್ಷರವೂ ಬಾರದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಕೂರಿಸುವ ಕೆಲಸ ಅವನದು. ನಮ್ಮ 'ಕ್ಷ' ನೋಡಿ ಚಿಟ್ಟೆ ಅಂದಿದ್ದನಂತೆ. ಮೇಡಂ ಅದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆಮೇಲೆ ಯುದ್ಧ ಶುರುವಾಯಿತು. ನೆರೆಯ ದೇಶ ಅವನ ಊರಿನ ಮೇಲೆ ಬಾಂಬು ಹಾಕತೊಡಗಿತು. ಆ ನೆರೆಯ ದೇಶದವನೂ ಒಬ್ಬ ನಮ್ಮಲ್ಲಿದ್ದ, ಮಾತು ಕಡಿಮೆ. ನಾನು ಬಳಗದ ಹೆಸರಿನಲ್ಲಿ ಯುದ್ಧವನ್ನು ಖಂಡಿಸಿ ಮುಖಪುಟದಲ್ಲಿ ಹೇಳಿಕೆ ಹಾಕೋಣ ಎಂದು ಬರೆದೆ. ನಮ್ಮಲ್ಲೊಂದು ಪದ್ಧತಿ: ವಾರದೊಳಗೆ ಯಾರೂ ಬೇಡ ಅನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ವಾರ ಕಳೆಯಿತು, ಯಾರೂ ಬೇಡ ಅನ್ನಲಿಲ್ಲ. ಆದರೂ ಮೇಡಂ ಹಾಕಗೊಡಲಿಲ್ಲ.

ಪ್ಯಾಸೆಂಜರ್ ರೈಲು ಹಿಡಿದು ವಾಡಿಗೆ ಹೋದೆ. ಬಾಗಿಲಲ್ಲೇ ಶುರು ಮಾಡಿದೆ.

"ಪದ್ಧತಿ ನೀವ ಮಾಡಿದ್ದು, ನೀವ ಮುರೀತೀರೇನ್ರಿ? ಅಲ್ಲಿ ಮಂದಿ ಸಾಯ್ಲಿಕತ್ತಾರ."

"ಕುಂದ್ರು. ಚಾ ಕುಡಿ, ಆಮ್ಯಾಲ ಜಗಳಾ ತೆಗಿ." ಬ್ರಷ್ ಕೈಗೆ ಬಂತು. "ಬಾಂಬ್ ಹಾಕೋ ದೇಶದಂವ ಸುಮ್ನ ಕುಂತಾನಲ್ಲ, ಒಪ್ಪಿ ಕುಂತಾನಂತ ಮಾಡೀಯೇನು? ಹ್ಞೂಂ ಅಂದ್ರ ಅವರ ಸರ್ಕಾರ ಒಳಗ ಹಾಕ್ತದ. ಬ್ಯಾಡ ಅಂದ್ರ ನೀವು ಹರಕೊಂಡು ತಿಂತೀರಿ. ಅಕ್ಷರ ಕೂಡ್ಸೋದ್ರಾಗ ಆ ಪದ್ಧತಿ ನಡೀತದಪಾ. ಇದ್ರಾಗ ನಡ್ಯಂಗಿಲ್ಲ."

"ಹಂಗಾದ್ರ ಬಾಯಿ ಮುಚಗೊಂಡು ಕೂಡೋದೇನ್ರಿ?"

"ನಾ ಎಲ್ಲಿ ಮುಚಗೊಂಡೀನಿ? ನಂದು ನಾ ಬರೀತೀನಿ. ನಿಂದು ನೀ ಬರಿ."

ಬರೆದರು, ತಮ್ಮ ಹೆಸರಿನಲ್ಲೇ: ಈ ಯುದ್ಧ ಅನ್ಯಾಯ, ನಿಲ್ಲಬೇಕು. ನಾನೂ ಬರೆದೆ. ಇನ್ನೂ ಕೆಲವರು ಬರೆದರು. ಬಹಳ ಮಂದಿ ಬರೆಯಲಿಲ್ಲ. ಬಾಂಬು ಬೀಳುತ್ತಿದ್ದ ಊರಿನವನಿಂದ ಉತ್ತರ ಬಂತು: "ನೀವು ಬರೆದದ್ದು ಓದಿದೆ. ಉಳಿದವರೆಲ್ಲಿ?" ಅಷ್ಟೇ. ಬಳಗ ಬಿಟ್ಟು ಹೋದ.

ಅಲ್ಲಿಂದ ಮೇಡಂ ಮೊದಲಿನ ಹಾಗಿರಲಿಲ್ಲ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಲ್ಯಾಪ್‌ಟಾಪ್ ತೆಗೆದು ಬಳಗದಲ್ಲಿ ಅವನ ಹೆಸರೇನಾದರೂ ಕಂಡೀತೇ ಎಂದು ನೋಡುವರು. ಬದುಕಿದ್ದಾನೋ ಇಲ್ಲವೋ ಅದೂ ತಿಳಿಯದು. ಅರ್ಧಕ್ಕೆ ನಿಂತ ಒತ್ತಕ್ಷರದ ಕೆಲಸ ನಾನು ಮುಗಿಸುತ್ತೇನೆಂದರೆ ರೇಗಿದರು. "ಅದು ಅವನ ಜಾಗಾ. ನೀ ಕುಂತ್ರ, ಅಂವ ಬಂದು ಎಲ್ಲಿ ಕುಂದ್ರಬೇಕು?" ಹಾಗಾಗಿ ಆ ಕೆಲಸಕ್ಕೆ ಕಾದ ಚಿಂಚೋಳಿ ಆವೃತ್ತಿ ನಿಂತಲ್ಲೇ ನಿಂತಿತು.

ಹೋದ ಚಳಿಗಾಲ ಮೇಡಂ ತೀರಿಕೊಂಡರು. ಆಸ್ಪತ್ರೆಯಲ್ಲೂ "ಬಂದನೇನು?" ಎಂದೇ ಕೇಳುತ್ತಿದ್ದರು. ಮಗನಿರಬೇಕು ಅಂದುಕೊಂಡಳು ನರ್ಸ್. ನಾನು "ಇನ್ನಾ ಇಲ್ರಿ" ಎಂದೆ. ಬಂದ ಅನ್ನಬಹುದಿತ್ತು, ಅವರಿಗೆ ಸುಳ್ಳು ಹೇಳಿ ನನಗೆ ರೂಢಿಯಿಲ್ಲ.

ಈಗ ಬಳಗದ ಉಸ್ತುವಾರಿ ನನ್ನದು. ಮೇಡಂ ಮಾಡಿದ್ದೇ ಸರಿ ಎಂದು ಇವತ್ತಿಗೂ ನಾನು ಒಪ್ಪಿಲ್ಲ. ಅವರಿರಬೇಕಿತ್ತು, ಜಗಳಕ್ಕಾದರೂ. ಮೊನ್ನೆ ಇನ್ನೊಂದು ಯುದ್ಧದ ಮೇಲೆ ಯಾರೋ ಅಂಥದೇ ಹೇಳಿಕೆ ಮುಂದಿಟ್ಟರು. ವಾರ ಕಳೆಯಿತು, ಯಾರೂ ಬೇಡ ಅಂದಿಲ್ಲ. ನನ್ನ ತಕರಾರೂ ಇಲ್ಲ. ಆದರೂ ಸುಮ್ಮನಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಬರೆದು, ನಿಜಕ್ಕೂ ಒಪ್ಪಿಗೆಯೇ ಎಂದು ಕೇಳುತ್ತಾ ಕೂತಿದ್ದೇನೆ.

ಒತ್ತಕ್ಷರ ಈಗಲೂ ಕೆಳಗಿನ ಸಾಲಿಗೆ ತಾಗುತ್ತದೆ. ಲಗ್ನಪತ್ರಿಕೆಯಲ್ಲಿ ಒಂದೊಂದನ್ನೂ ಕೈಯಿಂದ ಸರಿಸುತ್ತೇನೆ. ಚಿಂಚೋಳಿ ಯಾವಾಗ ಎಂದು ಜನ ಕೇಳುತ್ತಾರೆ.

"ತಡೀರಿ," ಎನ್ನುತ್ತೇನೆ, "ಒಬ್ರು ಬರೋದದ."