ತಲೆ ಬಗ್ಗಿಸದ ದಿನ

ಒಪ್ಪಿಕೊಂಡುಬಿಡುತ್ತೇನೆ: ನನಗೆ ಪಟಗಾ ಸುತ್ತಲು ಬರುವುದಿಲ್ಲ. ಧಾರವಾಡದಲ್ಲಿ ನನ್ನ ಅಜ್ಜ ದಿನಾ ಬೆಳಿಗ್ಗೆ ಕನ್ನಡಿಯನ್ನೂ ನೋಡದೆ ಹತ್ತು ಮೊಳದ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಕಚೇರಿಗೆ ಹೊರಡುತ್ತಿದ್ದ. ಅಪ್ಪ ಟೊಪ್ಪಿಗೆಗೆ ಇಳಿದ. ನನ್ನ ಪಾಲಿಗೆ ಉಳಿದದ್ದು ಬಾಚಣಿಗೆ. ಈಗೀಗ ಅದಕ್ಕೂ ಹೆಚ್ಚು ಕೆಲಸವಿಲ್ಲ.

ಪುಣೆಯವರ ಪಗಡಿಯ ವಿಷಯ ಬೇರೆ. ಅದು ಮೊದಲೇ ಕಟ್ಟಿ ಹೊಲಿದಿಟ್ಟದ್ದು. ಮದುವೆ ಮನೆಯಲ್ಲಿ ಹೀಗೆ ಇಟ್ಟು ಹಾಗೆ ತೆಗೆಯಬಹುದು. ಪಟಗಾವನ್ನು ಪ್ರತಿಸಲವೂ ಮೊದಲಿನಿಂದ ಸುತ್ತಬೇಕು. ಅದಕ್ಕೇ ಇರಬೇಕು, ಪಗಡಿ ಉಳಿಯಿತು, ಪಟಗಾ ಟ್ರಂಕು ಸೇರಿತು. ಇದು ನನ್ನ ಸ್ವಂತ ಸಂಶೋಧನೆ, ಆಧಾರ ಕೇಳಬೇಡಿ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಪುಣೆಯ ನಿಗಡಿಯಲ್ಲಿದ್ದೆವು. ಕಾತ್ರಜದ ಕಡೆಯ ಒಂದು ಮೈದಾನದಲ್ಲಿ ಹಳೆಯ ಕಾಲದ ಮೇಳ ನಡೆದಿತ್ತು: ರಟ್ಟಿನ ಕೋಟೆ, ಎತ್ತಿನ ಗಾಣ, ಕತ್ತಿವರಸೆ. ಹಳೆಯ ಉಡುಪಿನಲ್ಲಿ ಬಂದ ಕುಟುಂಬಕ್ಕೆ ಬಹುಮಾನವೂ ಇತ್ತು. ಏಳು ವರ್ಷದ ಮಗಳು ವಿದ್ಯಾ, ನಾಲ್ಕರ ಮಗ ಅನಿ, ಇಬ್ಬರೂ ಕುಣಿದಾಡಿದರು. ಹೆಂಡತಿ ಸುಮಾ ಇಳಕಲ್ ಸೀರೆ ಉಟ್ಟಳು. ನಾನು ಅಜ್ಜನ ಪಟಗಾ ಹೊರಗೆ ತೆಗೆದೆ. ಬಹುಮಾನದ ಆಸೆ ಮಕ್ಕಳಿಗಿಂತ ನನಗೇ ಹೆಚ್ಚಿತ್ತು.

ಕಟ್ಟಿಕೊಟ್ಟವರು ಪಕ್ಕದ ಮನೆಯ ದೇಸಾಯಿ ಕಾಕಾ, ಬೆಳಗಾವಿ ಕಡೆಯ ಹಿರಿಯರು. ಕಟ್ಟಿ ಮುಗಿಸಿ ಎಚ್ಚರಿಸಿದರು: "ನೋಡಪಾ, ಸಂಜೀತನಕ ತಲಿ ಬಗ್ಗಿಸಬ್ಯಾಡ. ಬಗ್ಗಿಸಿದೆಂದ್ರ ಬಿಚ್ಚತದ. ಮತ್ತ ಕಟ್ಟಾಕ ಅಲ್ಲಿ ನಾ ಇರೂದಿಲ್ಲ."

ಅಂದು ನಾಲ್ವರನ್ನು ಹೊತ್ತ ಸ್ಕೂಟರನ್ನು ಊರಿನ ಈ ತುದಿಯಿಂದ ಆ ತುದಿಗೆ ನಾನು ಎಷ್ಟು ಜೋಪಾನವಾಗಿ ಓಡಿಸಿದೆನೆಂದರೆ, ಸೈಕಲ್ಲಿನವರೂ ನಮ್ಮನ್ನು ದಾಟಿ, ತಿರುಗಿ ನೋಡುತ್ತ ಹೋದರು. ಮೇಳದಲ್ಲಿ ನಾನು ಕಂಡದ್ದೆಲ್ಲ ನನ್ನ ಕಣ್ಣಿನ ಮಟ್ಟದಿಂದ ಮೇಲಿನದು. ಮಕ್ಕಳು ಕಂಡದ್ದೆಲ್ಲ ಅದರ ಕೆಳಗಿನದು. "ಪಪ್ಪಾ, ಎತ್ತಿನ ಕಾಲಿಗೆ ಗೆಜ್ಜಿ ಕಟ್ಟ್ಯಾರ ನೋಡು!" ಎಂದಳು ವಿದ್ಯಾ. ಕಟ್ಟಿರಬಹುದು ಎಂದೆ.

ಐದು ಗಂಟೆಗೆ ಸ್ಪರ್ಧೆಯವರೆಲ್ಲ ಸಾಲಾಗಿ ನಿಂತೆವು. ತೀರ್ಪುಗಾರರಾದ ಹೆಂಗಸೊಬ್ಬರು ಒಬ್ಬೊಬ್ಬರನ್ನೇ ನೋಡುತ್ತ ಬರುತ್ತಿದ್ದರು. ಸುಮಾ ವಿದ್ಯಾಳ ಬಿಚ್ಚಿದ ಜಡೆ ಹೆಣೆಯುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲೇ ನಗಾರಿ ಬಡಿಯಿತು, ಕತ್ತಿಗಳು ಖಣಖಣ ಎಂದವು. ಅನಿ ನನ್ನ ಧೋತರ ಜಗ್ಗಿದ. "ಪಪ್ಪಾ, ಎತ್ಕೋ."

ತೀರ್ಪುಗಾರರು ಇನ್ನು ಎರಡೇ ಕುಟುಂಬದಾಚೆ ಇದ್ದರು. "ಎರಡ ಮಿನಿಟ್, ರಾಜಾ" ಎಂದು, ಮುಂದೆ ನೋಡುತ್ತಲೇ ಕೈ ಕೆಳಗೆ ಬಿಟ್ಟು ತಲೆ ಸವರಿದೆ. ಸವರುತ್ತಲೇ ಇದ್ದೆ. ಆಗ ಕೆಳಗಿನಿಂದ ಒಂದು ಹುಡುಗಿಯ ಮರಾಠಿ ದನಿ ಬಂತು: "ಕಾಕಾ, ತೋ ತಿಕಡೇ ಗೇಲಾ." ಅವನು ಆ ಕಡೆ ಹೋದ ಎಂದು. ನಾನು ಸವರುತ್ತಿದ್ದದ್ದು ಯಾರದೋ ಮಗಳ ತಲೆ.

ಬಗ್ಗಿದೆ. ಜನರ ಕಾಲುಗಳ ನಡುವೆ, ಮೇಜುಗಳ ಕೆಳಗೆ ಹುಡುಕಿದೆ. ಪಟಗಾ ಸುತ್ತು ಸುತ್ತಾಗಿ ಬಿಚ್ಚಿ ಧೂಳಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಅದನ್ನು ಎತ್ತಿಕೊಳ್ಳುತ್ತ ಹಿಂದೆ ಸುಮಾ, ಅವಳ ಕೈ ಹಿಡಿದು ವಿದ್ಯಾ. ಅನಿ ಗುರಾಣಿಗಳ ಮೇಜಿನ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. "ಪಪ್ಪಾ, ನೀ ನನ್ನ ನೋಡ್ಲೇ ಇಲ್ಲ" ಎಂದ. ನನಗೆ ಬಹಳ ನಾಚಿಕೆಯಾಯಿತು. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಬಹುಮಾನ ಯಾರಿಗೆ ಹೋಯಿತೋ ತಿಳಿಯದು. ನನಗೆ ಸುತ್ತಲು ಬಾರದ ಆ ಹತ್ತು ಮೊಳವನ್ನು ಸುಮಾ ಕೊಡವಿ, ಮಡಚಿ, ಹೆಗಲ ಮೇಲೊಂದು ಗಂಟು ಬಿಗಿದು, ಅನಿಯನ್ನು ಅದರೊಳಗೆ ಹಾಕಿಕೊಂಡಳು. ನಾನು ಬಾಯಿಬಿಟ್ಟು ನೋಡಿದ್ದಕ್ಕೆ, "ಬಟ್ಟಿ ಬಟ್ಟಿನ ಅಲ್ರೀ?" ಎಂದಳು. ನಿಗಡಿ ಬರುವವರೆಗೂ ಅವನು ಆ ಜೋಳಿಗೆಯಲ್ಲೇ ನಿದ್ದೆಮಾಡಿದ.

ದೇಸಾಯಿ ಕಾಕಾ ಗೇಟಿನ ಹತ್ತಿರವೇ ಕಾಯುತ್ತಿದ್ದರು. "ಎಷ್ಟೊತ್ತು ನಿಂತಿತಪಾ ಪಟಗಾ?"

"ಇಂವ ಕರಿಯೂತನಕ ನಿಂತಿತ್ರಿ ಕಾಕಾ" ಎಂದೆ. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. "ಕರದ ಮ್ಯಾಲೂ ಸ್ವಲ್ಪ ಹೊತ್ತು ನಿಂತಿತ್ರಿ."

ಕಾಕಾ ಜೋಳಿಗೆಯೊಳಗೆ ಇಣುಕಿ ನೋಡಿದರು.

"ಹಂಗಾರ ತಪ್ಪು ನಂದಪಾ" ಎಂದರು. "ಭಾಳ ಬಿಗಿ ಕಟ್ಟಿಬಿಟ್ಟಿದ್ದೆ."