ಒರೆಸಿದ ಪಾಟಿ

ಬೇವೂರಿನಲ್ಲಿ ಬಸ್ಸು ನಿಲ್ಲುವ ಕಡೆ, ಮರದ ನೆರಳಲ್ಲಿ ಎರಡು ಮಣ್ಣಿನ ಹರವಿಗಳಲ್ಲಿ ನೀರಿಟ್ಟುಕೊಂಡು ಕೂರುವ ಬಸಯ್ಯನಿಗೆ ಈಗ ಎಪ್ಪತ್ತರ ಹತ್ತಿರ. ಇಳಿದವರು ಕೇಳುವ ಮೊದಲೇ ಚೊಂಬು ಮುಂದೆ ಹಿಡಿಯುತ್ತಾನೆ. ಮುದುಕ ಪುಣ್ಯ ಗಳಿಸಲು ಹೊರಟಿದ್ದಾನೆ ಎಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಪ್ಪತ್ತೆರಡು ವರ್ಷ ಅವನು ಊರಾಚೆಯ ಮಠದಲ್ಲಿ ಅಜ್ಜನವರ ಪಾಟಿ ಹಿಡಿದವನು. ಅಜ್ಜನವರು ಯೋಗಿ, ಮಾತು ಬಿಟ್ಟವರು. ಕಷ್ಟ ಹೇಳಿಕೊಂಡು ಬಂದವರಿಗೆ ಬಳಪದಿಂದ ಎರಡು ಸಾಲು ಬರೆದು ತೋರಿಸುತ್ತಿದ್ದರು. ಅವರು ಓದಿದ ಮೇಲೆ ಅಜ್ಜನವರು ಪಾಟಿಯನ್ನು ತಟ್ಟುವರು, ಬಸಯ್ಯ ಹಸಿ ಅರಿವೆಯಿಂದ ಒರೆಸುವನು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಬಾರದೆಂದೇ ಓದು ಬಾರದವನನ್ನು ಆರಿಸಿಕೊಂಡಿದ್ದರು. ಅವನಿಗೆಂದು ಒಂದಕ್ಷರವನ್ನೂ ಬರೆದವರಲ್ಲ. ಬೆಳಗಿನ ಧ್ಯಾನಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನು ಬಾಗಿದರೆ ಬೆರಳಿನಿಂದ ಮುಟ್ಟುತ್ತಿದ್ದರು. ಅಷ್ಟರಿಂದಲೇ ಬಸಯ್ಯನ ಕುಡಿತ ಬಿಟ್ಟಿತು, ಜಗಳಗಂಟ ಬಾಯಿ ತಣ್ಣಗಾಯಿತು.

ಆರು ವರ್ಷದ ಹಿಂದೆ, ಬೇಸಿಗೆಯಲ್ಲಿ ಅಜ್ಜನವರು ಹಾಸಿಗೆ ಹಿಡಿದರು. ಹಸಿವು ನೀರಡಿಕೆ ಗೆದ್ದವರು, ಅವರಿಗೇನೂ ಬೇಡ ಎಂದು ಭಕ್ತರು ಊರೆಲ್ಲ ಹೇಳಿದರು. ತಲೆದೂಗಿದವರಲ್ಲಿ ನಾನೂ ಒಬ್ಬ. ಒಂದು ಮಧ್ಯಾಹ್ನ ಬಸಯ್ಯನೊಬ್ಬನೇ ಇದ್ದಾಗ ಅವರು ಪಾಟಿ ತರಿಸಿಕೊಂಡು ಏನೋ ಬರೆದರು. ಭಕ್ತರನ್ನು ಕರೆಯಲು ಬಸಯ್ಯ ಎದ್ದ. ಅಷ್ಟರಲ್ಲಿ ಅವರ ಕೈ ಪಾಟಿಯ ಮೇಲೆ ಬಿತ್ತು. ತಟ್ಟಿದರೆಂದು ತಿಳಿದು ಒರೆಸಿಬಿಟ್ಟ. ಮತ್ತೆ ಪಕ್ಕದಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದ. ಸಂಜೆಯೊಳಗೆ ಅಜ್ಜನವರ ಉಸಿರು ನಿಂತಿತು.

ಕೊನೆಯ ಉಪದೇಶವನ್ನೇ ಅಳಿಸಿದ ಪಾಪಿ ಎಂದು ಭಕ್ತರು ಅವನನ್ನು ಮಠದಿಂದ ಹೊರಹಾಕಿದರು. ಬಸಯ್ಯ ಊರ ಶಾಲೆಗೆ ಹೋಗಿ ತಬಸುಮ ಟೀಚರ ಮುಂದೆ ಕೈಮುಗಿದು ನಿಂತ.

"ಆ ಅಕ್ಷರ ಹೆಂಗಿದ್ದುವು ಅಂತ ಹೇಳಾಕ ಬರೂದಿಲ್ರಿ ಅಕ್ಕಾರ. ಕಂಡ್ರ ಗುರುತ ಹಿಡೀತೇನಿ. ನನಗ ಓದಾಕ ಕಲಸ್ರಿ."

"ಬರ್ರಿ ಕಾಕಾ, ಕೂಡ್ರಿ," ಎಂದು ಅವರು ಒಂದನೆಯ ತರಗತಿಯ ಮಕ್ಕಳ ಹಿಂದೆ ಚಾಪೆ ಹಾಸಿಕೊಟ್ಟರು.

ನಾಲ್ಕು ತಿಂಗಳಾದ ಮೇಲೆ ಪುಸ್ತಕದಲ್ಲಿ ಒಂದು ತುಂಬಿದ ಕೊಡದ ಚಿತ್ರ ಬಂತು. ಅದರ ಕೆಳಗಿನ ಪದದ ಮೇಲೆ ಬಸಯ್ಯನ ಬೆರಳು ನಿಂತುಹೋಯಿತು. ಅದೇ, ಪಾಟಿಯ ಮೇಲಿದ್ದದ್ದು ಅದೇ. ಕೂಡಿಸಿ ಕೂಡಿಸಿ ಓದಿದ. ನೀರು.

ಭಕ್ತರು ಒಪ್ಪಲಿಲ್ಲ. ಅಂಥ ಯೋಗಿ ನೀರು ಬೇಡುವುದುಂಟೇ? ನೀರಿನ ಹಾಗೆ ಬಾಳಿರಿ ಎಂದು ಅರ್ಥ ಹಚ್ಚಿ, ಮಠದ ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದರು. ಮೊನ್ನೆ ಬಸಯ್ಯನನ್ನು ಸಮಾಧಾನ ಮಾಡಲು ನಾನೂ ಅದನ್ನೇ ಹೇಳಿದೆ. ಈಗ ನಾಚಿಕೆಯಾಗುತ್ತದೆ.

"ಇಲ್ರಿ," ಎಂದ ಅವನು. "ಅಜ್ಜಾರಿಗೆ ನೀರಡಿಕಿ ಆಗಿತ್ತು. ಇಪ್ಪತ್ತೆರಡ ವರ್ಷದಾಗ ನನಗಂತ ಬರದದ್ದು ಅದೊಂದ. ಹರವಿ ನನ್ನ ಮಗ್ಗಲದಾಗ ಇತ್ರಿ."

ಬಾಗಲಕೋಟೆಯ ಬಸ್ಸು ಬಂತು. ಬಸಯ್ಯ ಚೊಂಬು ತುಂಬಿಕೊಂಡು ಎದ್ದ.